ಗೇಟು ಭಾವ ಮುಚ್ಚಿದ ಪೋರ್ಟುಗಳು

"ನೀನು ಹಾಕಿಕೊಟ್ಟ ಕಾವಲುಗಾರನೇ ಕಳ್ಳ ಕಣಯ್ಯ" ಎಂದು ಭಾವ ಫೋನಿನಲ್ಲಿ ಅಂದಾಗ ನಾನು ಒಂದು ಲ್ಯಾಪ್‌ಟಾಪಿನ ಕೀಲಿಮಣೆಯ ಸಂದಿಯಿಂದ ಬಿಸ್ಕತ್ತಿನ ಪುಡಿ ಕೆರೆದು ತೆಗೆಯುತ್ತಿದ್ದೆ. ಅದರ ಒಡೆಯ ಎದುರಿಗೇ ನಿಂತು, ಕಂಪ್ಯೂಟರಿನ ಮುಂದೆ ಕೂತು ತಾನು ಏನನ್ನೂ ತಿನ್ನುವುದೇ ಇಲ್ಲ ಎಂದು ಆಣೆ ಮಾಡುತ್ತಿದ್ದ. ಇಪ್ಪತ್ತೊಂದು ವರ್ಷದಿಂದ ಈ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಯಂತ್ರಗಳು ತಾವಾಗಿ ಕೆಡುವುದು ಕಡಿಮೆ, ಜನ ಕೆಡಿಸುವುದೇ ಹೆಚ್ಚು. ಕೆಡಿಸಿಕೊಂಡು ಬಂದು "ನಾನೇನೂ ಮಾಡಿಲ್ಲ, ಇದ್ದಕ್ಕಿದ್ದ ಹಾಗೆ ಹೀಗಾಯ್ತು" ಅನ್ನುತ್ತಾರೆ. ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

"ಯಾವ ಕಾವಲುಗಾರ ಭಾವ?"

"ಅದೇ, ವೈರಸ್ ಹಿಡಿಯೋದು. ವರ್ಷಕ್ಕೊಂದು ಸಲ ನೀನೇ ಬಂದು ಹೊಸದು ಮಾಡ್ತೀಯಲ್ಲ, ಅದು. ನಮ್ಮನೆ ಕಂಪ್ಯೂಟರಲ್ಲಿ ಹನ್ನೊಂದು ಪೋರ್ಟು ಓಪನ್ ಇದೆ. ಎಣಿಸಿದೀನಿ. ಅದರಲ್ಲಿ ಏಳು ಅವನೇ ತೆಗೆದಿಟ್ಕೊಂಡಿದಾನೆ, ಪಕ್ಕದಲ್ಲೇ ಅವನ ಹೆಸರು ಬರೆದಿದೆ. ಬಾಗಿಲು ಕಾಯೋನೇ ಏಳು ಬಾಗಿಲು ತೆಗೆದಿಟ್ಟು ಕೂತಿದಾನೆ ಅಂದ್ರೆ ಏನರ್ಥ, ಹೇಳು?"

ಪೋರ್ಟು ಅಂದರೆ ಕಂಪ್ಯೂಟರು ಬೇರೆಯವರ ಜೊತೆ ಮಾತಾಡಲು ಇಟ್ಟುಕೊಂಡ, ನಂಬರು ಹಾಕಿದ ಬಾಗಿಲು. ಯಾವ ಬಾಗಿಲು ತೆರೆದಿದೆ ಎಂದು ತೋರಿಸುವ ಒಂದು ಆದೇಶವಿದೆ, ಎರಡು ಪದ ಒತ್ತಿದರೆ ಪಟ್ಟಿ ಬರುತ್ತದೆ. ಯಾವನೋ ಕೆಲಸವಿಲ್ಲದವನು ವಿಡಿಯೋದಲ್ಲಿ ಕೂತು ಅದನ್ನು ಹೇಳಿಕೊಟ್ಟಿರುತ್ತಾನೆ, ಭಾವನಂಥವರು ನೋಡಿರುತ್ತಾರೆ. ಆಮೇಲೆ ನನ್ನ ತಲೆ ತಿನ್ನುತ್ತಾರೆ.

"ಅರ್ಥ ಇದೆ ಭಾವ. ನಿಮಗೆ ಹೇಳಿದ್ರೂ ತಿಳಿಯಲ್ಲ. ಮುಟ್ಟಬೇಡಿ, ಸುಮ್ನಿರಿ."

"ತಿಳಿಯೋ ಹಾಗೆ ಹೇಳು."

"ಅದು ಲೂಪ್‌ಬ್ಯಾಕ್. ಲೋಕಲ್ ಪ್ರಾಕ್ಸಿ. ತಿಳೀತಾ? ಇಲ್ಲ ಅಲ್ವಾ? ಅದಕ್ಕೇ ಹೇಳಿದ್ದು. ಇಡ್ತೀನಿ, ಗಿರಾಕಿ ಇದಾರೆ."

ಗಿರಾಕಿ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಬಿಸ್ಕತ್ತಿನ ಪುಡಿಯೂ ಇನ್ನೂ ಅರ್ಧ ಅಲ್ಲೇ ಇತ್ತು. ಆದರೆ ಭಾವನಿಗೆ ಏನನ್ನಾದರೂ ಬಿಡಿಸಿ ಹೇಳುವುದೆಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ.

ಭಾವ ಒಂದು ಬೇರಿಂಗ್ ಕಾರ್ಖಾನೆಯ ಸೆಕ್ಯುರಿಟಿ ಸೂಪರ್‌ವೈಸರ್. ಮೂರು ಗೇಟು, ಹದಿನಾಲ್ಕು ಜನ ಗಾರ್ಡುಗಳು, ಕೊರಳಲ್ಲೊಂದು ಶಿಳ್ಳೆ. ಬೆನ್ನ ಹಿಂದೆ ನಾನು ಅವರನ್ನು ಗೇಟು ಭಾವ ಅನ್ನುತ್ತೇನೆ, ಒಮ್ಮೊಮ್ಮೆ ಮುಖದ ಮೇಲೂ. ಅವರ ಪಾಲಿಗೆ ಲೋಕದಲ್ಲಿರುವುದು ಎರಡೇ: ಒಂದು ಮುಚ್ಚಿದ ಬಾಗಿಲು, ಇನ್ನೊಂದು ಯಾರದೋ ಬೇಜವಾಬ್ದಾರಿ. ಮನೆಯಿಂದ ಹೊರಡುವಾಗ ಬೀಗ ಹಾಕಿ ಎರಡು ಸಲ ಜಗ್ಗುತ್ತಾರೆ. ಮೆಟ್ಟಿಲಿಳಿದ ಮೇಲೆ ಅನುಮಾನ ಬಂದು ವಾಪಸು ಹತ್ತಿ ಮೂರನೆಯ ಸಲ ಜಗ್ಗುತ್ತಾರೆ. ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನ ಹಿಂದೆ ಯಾರೂ ಬಳಸದ ಬಾಗಿಲೊಂದು ಕಣ್ಣಿಗೆ ಬಿತ್ತೆಂದು ಒಮ್ಮೆ ಅದಕ್ಕೆ ವೆಲ್ಡಿಂಗ್ ಹೊಡೆಸಿಬಿಟ್ಟರು. ಬೆಂಕಿ ಬಿದ್ದರೆ ಕೆಲಸಗಾರರು ಓಡಲಿ ಎಂದು ಇಟ್ಟ ಬಾಗಿಲು ಅದು. ತಪಾಸಣೆಗೆ ಬಂದವರು ಬಾಯಿಗೆ ಬಂದಂತೆ ಬೈದು, ಅದನ್ನು ಮತ್ತೆ ಕತ್ತರಿಸಿ ತೆಗೆಸಿದರು. ಅಷ್ಟಾದರೂ ಆ ಕಥೆಯನ್ನು ಭಾವ ಹೇಳುವುದು ತಮ್ಮ ಸಾಹಸ ಎಂದೇ. ಇಂಥವರಿಗೆ ನನ್ನ ಅಕ್ಕನನ್ನು ಕೊಟ್ಟರಲ್ಲ ಎಂದು ಹತ್ತೊಂಬತ್ತು ವರ್ಷದಿಂದ ನನಗೆ ಹೊಟ್ಟೆಯುರಿ.

ಅಕ್ಕ ಕನ್ನಡಕದ ಗಾಜು ಉಜ್ಜುವ ಕಾರ್ಯಾಗಾರದಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ನಲವತ್ತೆರಡು, ಭಾವನಿಗೆ ನಲವತ್ತೊಂಬತ್ತು. ವರ್ಷಗಟ್ಟಲೆ ಆಸ್ಪತ್ರೆಗಳ ಮೆಟ್ಟಿಲು ಹತ್ತಿ ಇಳಿದು ಸಾಕಾಗಿ, ಮಗುವೊಂದನ್ನು ದತ್ತು ತೆಗೆದುಕೊಳ್ಳಲು ಇಬ್ಬರೂ ಅರ್ಜಿ ಹಾಕಿದ್ದರು. ಹಾಕಿ ಎರಡೂವರೆ ವರ್ಷ ಆಗಿತ್ತು. ದತ್ತು ಕಚೇರಿಯ ನಿಯಮ ಹೀಗೆ: ಸರದಿ ಬಂದಾಗ ಮಗುವಿನ ಫೋಟೋ, ಆರೋಗ್ಯದ ವರದಿ ಇರುವ ಇಮೇಲ್ ಕಳಿಸುತ್ತಾರೆ. ಎರಡು ದಿನದೊಳಗೆ ಒಪ್ಪಿಗೆ ಎಂದು ಉತ್ತರ ಬರೆಯಬೇಕು. ಬರೆಯದಿದ್ದರೆ ಮಗು ಸಾಲಿನ ಮುಂದಿನ ಮನೆಗೆ, ಇವರ ಹೆಸರು ಸಾಲಿನ ತುದಿಗೆ. ಅವರು ಫೋನು ಮಾಡುವುದಿಲ್ಲ, ನೆನಪಿಸುವುದೂ ಇಲ್ಲ. ಒಂದು ಕುರ್ಚಿ, ಒಂದು ಮುದ್ರೆ ಸಿಕ್ಕ ಜನ ಇಂಥ ನಿಯಮವನ್ನಲ್ಲದೆ ಇನ್ನೇನನ್ನು ಮಾಡಿಯಾರು?

ಆ ಇಮೇಲ್ ಬರುವುದು ಅವರ ಮನೆಯ ಕಂಪ್ಯೂಟರಿಗೆ ಮಾತ್ರ. "ಫೋನಿಗೆ ಬೇಡ ಕಣೋ" ಎಂದು ಅಕ್ಕ ಮೊದಲೇ ಹೇಳಿದ್ದಳು. "ಜೇಬಲ್ಲಿ ಅದು ಇದ್ರೆ ದಿನಕ್ಕೆ ನಲವತ್ತು ಸಲ ನೋಡ್ತೀನಿ. ಕೈ ನಡುಗಿ ಗಾಜು ಒಡೀತೀನಿ." ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ಕಂಪ್ಯೂಟರಿನ ಮುಂದೆ ಕೂತು ಇಮೇಲ್ ಪೆಟ್ಟಿಗೆ ನೋಡುವುದು ಎಂದು ಅವಳೇ ತನಗೆ ಕಟ್ಟಳೆ ಹಾಕಿಕೊಂಡಿದ್ದಳು. ಇಂಥ ಕಚೇರಿಗಳ ಹೆಸರಿನಲ್ಲಿ ಸುಳ್ಳು ಇಮೇಲ್ ಕಳಿಸಿ ಜನರ ಆಸೆಯ ಜೊತೆ ಆಟವಾಡುವ ನೀಚರು ಇರುತ್ತಾರೆಂದು, ಬರುವ ಪ್ರತಿಯೊಂದನ್ನೂ ಕಾವಲು ತಂತ್ರಾಂಶವೇ ಮೊದಲು ಇಸಿದುಕೊಂಡು, ನೋಡಿ, ಆಮೇಲೆ ಅಕ್ಕನ ಪೆಟ್ಟಿಗೆಗೆ ದಾಟಿಸುವ ಹಾಗೆ ನಾನು ಜೋಡಿಸಿದ್ದೆ. ಒಳ್ಳೆಯ ಜೋಡಣೆ. ಈಗಲೂ ಹಾಗೇ ಹೇಳುತ್ತೇನೆ.

ಮಗು ಬರುವ ಮನೆ ಎಂದು ಭಾವ ಆ ಮನೆಗೆ ಮಾಡಿದ್ದನ್ನು ನೋಡಿದರೆ ನಗು ಬರುತ್ತಿತ್ತು. ಬಾಲ್ಕನಿಗೆ ಸರಳು, ಅಡುಗೆಮನೆಯ ಡ್ರಾಯರುಗಳಿಗೆ ಚಿಲಕ, ಪ್ಲಗ್ಗಿನ ತೂತುಗಳಿಗೆಲ್ಲ ಮುಚ್ಚಳ, ಮೇಜಿನ ಮೂಲೆಮೂಲೆಗೂ ರಬ್ಬರು. ಒಂದು ಲೋಟ ನೀರು ಕುಡಿಯಬೇಕಾದರೂ ಮೂರು ಚಿಲಕ ತೆಗೆಯಬೇಕು. ಇನ್ನು ಮನೆಯಲ್ಲಿ ಮುಚ್ಚಲು ಏನೂ ಉಳಿದಿಲ್ಲ ಎನ್ನುವ ಹೊತ್ತಿಗೆ ಅವರ ಕಣ್ಣು ಕಂಪ್ಯೂಟರಿನ ಮೇಲೆ ಬಿದ್ದಿತ್ತು.

ಫೋನಿನಲ್ಲಿ ಉಗಿಸಿಕೊಂಡವರು ಸುಮ್ಮನಾಗಬೇಕಿತ್ತು. ಮಾರನೆಯ ದಿನ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ನೇರ ಅಂಗಡಿಗೆ ಬಂದರು. ಕೈಯಲ್ಲಿ ಆ ಪಟ್ಟಿ. ಹನ್ನೊಂದು ಸಾಲನ್ನೂ ರಿಜಿಸ್ಟರಿನ ಹಾಗೆ ಗೆರೆ ಎಳೆದು ಬರೆದುಕೊಂಡಿದ್ದರು: ಕ್ರಮ ಸಂಖ್ಯೆ, ಪೋರ್ಟಿನ ನಂಬರು, ತೆರೆದವರ ಹೆಸರು, ಷರಾ. ಷರಾದ ಕೆಳಗೆ ಏಳು ಕಡೆ "ಕಾರಣ ತಿಳಿದಿಲ್ಲ" ಎಂದಿತ್ತು. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ನನಗೆ ಹುರುಪು ಬಂತು.

"ನೋಡಿ ಸ್ವಾಮಿ, ನಮ್ಮ ಭಾವ ಕಂಪ್ಯೂಟರಿಗೆ ಹಾಜರಿ ತಗೊಂಡು ಬಂದಿದಾರೆ" ಎಂದೆ ಎಲ್ಲರಿಗೂ ಕೇಳುವಂತೆ.

ಭಾವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಗದವನ್ನು ಕೌಂಟರಿನ ಮೇಲಿಟ್ಟು ಆ ಏಳು ಸಾಲುಗಳ ಮೇಲೆ ಬೆರಳಾಡಿಸಿದರು. "ನನಗೆ ನಿನ್ನ ವಿದ್ಯೆ ಬೇಡ. ಒಂದೇ ಒಂದು ಹೇಳು. ಇವು ತೆಗೆದಿದ್ರೆ ಹೊರಗಿಂದ ಯಾರಾದ್ರೂ ಒಳಗೆ ಬರಬಹುದಾ?"

"ಬರ್ತಾರೆ ಭಾವ, ಯಾಕೆ ಬರಲ್ಲ? ಗೇಟ್ ಪಾಸ್ ಮಾಡಿಸ್ಕೊಂಡು ಸಾಲಾಗಿ ಬರ್ತಾರೆ. ನೀವು ಪಕ್ಕದಲ್ಲಿ ನಿಂತು ಶಿಳ್ಳೆ ಹೊಡೀರಿ."

ಅಂಗಡಿ ಗೊಳ್ಳೆಂದಿತು. ಬಿಸ್ಕತ್ತಿನವನೂ ಬಂದಿದ್ದ, ಅವನೂ ನಕ್ಕ. ಭಾವ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. "ಸರಿ" ಎಂದಷ್ಟೇ ಹೇಳಿ ಹೊರಟರು. ಅಂಗಡಿಯ ಬಾಗಿಲನ್ನು ದಾಟಿದವರು ತಿರುಗಿ ಬಂದು, ಅದನ್ನು ಸರಿಯಾಗಿ ಎಳೆದು ಮುಚ್ಚಿ ಹೋದರು. ಅದಕ್ಕೂ ನಕ್ಕೆವು.

ಆ ವಾರವೆಲ್ಲ ನನಗೆ ಅದೇ ಮನರಂಜನೆ. ಬಂದವರಿಗೆಲ್ಲ ಭಾವನ ದನಿಯಲ್ಲಿ "ಬಾಗಿಲು ಕಾಯೋನೇ ಏಳು ಬಾಗಿಲು ತೆಗೆದಿಟ್ಟು ಕೂತಿದಾನೆ" ಎಂದು ಮಾಡಿ ತೋರಿಸುತ್ತಿದ್ದೆ. ದಿನದಿನಕ್ಕೂ ಉಪ್ಪುಖಾರ ಸೇರಿಸುತ್ತಾ ಹೋದೆ. ಕೊನೆಕೊನೆಗೆ ನನ್ನ ಕಥೆಯಲ್ಲಿ ಭಾವ ಲಾಠಿ ಹಿಡಿದು ಮಾನಿಟರಿನ ಹಿಂದೆ ಬಗ್ಗಿ ನೋಡುತ್ತಿದ್ದರು. ನಾನೇ ಹೇಳಿಕೊಳ್ಳಬಾರದು, ಅನುಕರಣೆ ನನಗೆ ಚೆನ್ನಾಗಿ ಬರುತ್ತದೆ.

ಭಾವ ಅಂಗಡಿಗೆ ಬಂದುಹೋದ ಹನ್ನೆರಡನೆಯ ದಿನ ಸಂಜೆ ಅಕ್ಕ ಫೋನು ಮಾಡಿದಳು.

"ಒಂದು ಸಲ ಬಂದು ಹೋಗ್ತೀಯೇನೋ? ಮೇಲ್ ಬರ್ತಿಲ್ಲ ಅನ್ಸುತ್ತೆ."

"ಇಲ್ಲದ ಮೇಲ್ ಎಲ್ಲಿಂದ ಬರುತ್ತಕ್ಕ? ಬಂದಾಗ ಬರುತ್ತೆ."

"ಅದಲ್ಲ ಕಣೋ. ಆ ಚಪ್ಪಲಿ ಅಂಗಡಿಯವರದ್ದೂ ಬಂದಿಲ್ಲ. ದಿನಾ ಒಂದು ಕಳಿಸ್ತಿದ್ರು, ಬೇಡ ಅಂದ್ರೂ ಬಿಡ್ತಿರಲಿಲ್ಲ. ಹತ್ತು ಹನ್ನೆರಡು ದಿನ ಆಯ್ತು ನೋಡು, ಅವರೂ ಸುಮ್ಮನಾಗಿದಾರೆ."

ಅಂಗಡಿಯ ಬಾಗಿಲೆಳೆದು ಹೊರಟೆ. ದಾರಿಯುದ್ದಕ್ಕೂ ಇದು ಸರ್ವರಿನ ತೊಂದರೆ ಇರಬೇಕು, ಕೇಬಲಿನದ್ದಿರಬೇಕು ಎಂದುಕೊಳ್ಳುತ್ತಿದ್ದೆ. ಹಾಗಲ್ಲ ಎಂದು ಒಳಗೊಳಗೇ ಗೊತ್ತಿತ್ತು.

ಕಂಪ್ಯೂಟರು ಇದ್ದದ್ದು ಮಗುವಿಗೆಂದು ಇಟ್ಟ ಕೋಣೆಯಲ್ಲಿ. ಗೋಡೆಗೆ ತಿಳಿಹಸಿರು ಬಣ್ಣ ಬಳಿದಿದ್ದರು. ಸಣ್ಣ ಮಂಚದ ಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆ ತೆಗೆಯದ ಹಾಸಿಗೆ. ಭಾವನಿಗೆ ಅಂದು ರಜೆ, ಬನಿಯನ್ನಿನಲ್ಲಿ ಬಾಗಿಲಿಗೆ ಒರಗಿ ನಿಂತಿದ್ದರು. ಅಕ್ಕ ಕೆಲಸದಿಂದ ಆಗಷ್ಟೇ ಬಂದಿದ್ದಳು, ಉಗುರುಗಳ ಸಂದಿಯಲ್ಲಿ ಗಾಜು ಉಜ್ಜಿದ ಬಿಳಿ ಪುಡಿ ಹಾಗೇ ಇತ್ತು.

ಕೂತು ಎರಡು ನಿಮಿಷಕ್ಕೆ ತಿಳಿಯಿತು. ಕಾವಲು ತಂತ್ರಾಂಶದ ಏಳು ಕೆಲಸಗಳಲ್ಲಿ ಏಳನ್ನೂ ನಿಲ್ಲಿಸಲಾಗಿತ್ತು, ಮತ್ತೆಂದೂ ತಾನಾಗಿ ಏಳದ ಹಾಗೆ.

"ಇದನ್ನ ಯಾರು ಮುಟ್ಟಿದ್ದು?"

"ನಾನೇ ಮುಚ್ಚಿದೆ" ಎಂದರು ಭಾವ. ದನಿಯಲ್ಲಿ ಹೆಮ್ಮೆಯಿತ್ತು. "ನಿನ್ನ ಅಂಗಡಿಯಿಂದ ಬಂದ ದಿನಾನೇ. ಮೂರು ಗಂಟೆ ಹಿಡೀತು, ಒಂದೊಂದಾಗಿ ಹುಡುಕಿ ಹುಡುಕಿ ಮುಚ್ಚಿದೀನಿ. ಈಗ ಪಟ್ಟಿ ತೆಗೆದು ನೋಡು, ನಾಲ್ಕೇ ಇದೆ."

"ಮೇಲ್ ತರೋಕೆ ಆಗ್ತಿಲ್ಲ ಅಂತ ಪರದೆ ಮೇಲೆ ಬರಲಿಲ್ವಾ?"

"ಬಂತು. ಹತ್ತು ನಿಮಿಷಕ್ಕೊಂದು ಸಲ ಬರ್ತಿತ್ತು. ಗೇಟು ಮುಚ್ಚಿದ ಮೇಲೆ ಆಚೆ ನಿಂತೋನು ಬಡೀತಾನೇ ಇರ್ತಾನೆ, ಅದಕ್ಕೆಲ್ಲ ಕಿವಿ ಕೊಡಬಾರದು. ಮತ್ತೆ ತೋರಿಸಬೇಡ ಅಂತ ಕೆಳಗೆ ಒಂದು ಚೌಕ ಇತ್ತು, ಅದನ್ನ ಒತ್ತಿದೆ."

ಬಾಯಿಗೆ ಬಂದ ಮಾತನ್ನು ಅಕ್ಕ ಇದ್ದಾಳೆಂದು ನುಂಗಿಕೊಂಡೆ. ಒಂದೊಂದನ್ನೇ ಮತ್ತೆ ಚಾಲೂ ಮಾಡಿದೆ. ಇಮೇಲ್‌ಗಳು ಇಳಿಯತೊಡಗಿದವು: ಚಪ್ಪಲಿ, ಚಪ್ಪಲಿ, ವಿಮೆ, ಅಕ್ಕನ ಕಾರ್ಯಾಗಾರದ ರಜಾಪಟ್ಟಿ, ಮತ್ತೆ ಚಪ್ಪಲಿ. ಅವುಗಳ ನಡುವೆ ದತ್ತು ಕಚೇರಿಯದು ಎರಡು. ಒಂದು ಹತ್ತು ದಿನ ಹಳೆಯದು, ಇನ್ನೊಂದು ಎಂಟು ದಿನ.

ಅಕ್ಕ ನನ್ನ ಭುಜದ ಮೇಲಿಂದ ಕೈ ಚಾಚಿ ತಾನೇ ಮೊದಲನೆಯದನ್ನು ತೆರೆದಳು.

ಹೆಣ್ಣುಮಗು, ಮೂರು ವರ್ಷ. ಹಳದಿ ಅಂಗಿ, ಯಾರೋ ಅವಸರದಲ್ಲಿ ಕತ್ತರಿಸಿದ ಸೊಟ್ಟ ಕೂದಲು. ಎರಡೂ ಕೈಯಲ್ಲಿ ಒಂದು ಪ್ಲಾಸ್ಟಿಕ್ ಲೋಟ ಹಿಡಿದುಕೊಂಡು, ಫೋಟೋ ತೆಗೆಯುವವರು ಅದನ್ನು ಕಿತ್ತುಕೊಳ್ಳುತ್ತಾರೇನೋ ಎಂಬಂತೆ ನೋಡುತ್ತಿದ್ದಳು. ಕೆಳಗೆ ತೂಕ, ಎತ್ತರ, ಹಾಕಿಸಿದ ಚುಚ್ಚುಮದ್ದುಗಳು. ಎಡಗಿವಿ ಸ್ವಲ್ಪ ಮಂದ ಎಂದಿತ್ತು. ಕೊನೆಯಲ್ಲಿ ಅವಳನ್ನು ನೋಡಿಕೊಳ್ಳುವ ಆಯಾ ಹೇಳಿದ್ದನ್ನು ಬರೆದಿದ್ದರು: ಹೊಸಬರ ಹತ್ತಿರ ಬೇಗ ಹೋಗುವುದಿಲ್ಲ, ಹೋದರೆ ಬಿಡುವುದಿಲ್ಲ.

ಎರಡನೆಯದು ನಾಲ್ಕೇ ಸಾಲು. ನಿಗದಿತ ಅವಧಿಯಲ್ಲಿ ಉತ್ತರ ಬಾರದ ಕಾರಣ ಮಗುವಿನ ಕಡತವನ್ನು ಮುಂದಿನ ಅರ್ಜಿದಾರರಿಗೆ ಕಳಿಸಲಾಗಿದೆ, ಅವರು ಒಪ್ಪಿದ್ದಾರೆ, ನಿಮ್ಮ ಹೆಸರನ್ನು ಸರದಿಯ ಕೊನೆಗೆ ಸೇರಿಸಲಾಗಿದೆ.

ಅಕ್ಕ ಅಳಲಿಲ್ಲ. ಮಂಚದ ತುದಿಯಲ್ಲಿ ಕೂತಳು. ಹಾಸಿಗೆಯ ಪ್ಲಾಸ್ಟಿಕ್ಕು ಚರಚರ ಸದ್ದು ಮಾಡಿತು. ಭಾವ ಪರದೆಯ ಹತ್ತಿರ ಬಂದು, ಬಗ್ಗಿ, ಎರಡನ್ನೂ ಓದಿದರು. ಓದಿದ ಮೇಲೆ ದಿನಾಂಕಗಳನ್ನು ಮತ್ತೊಮ್ಮೆ ನೋಡಿದರು. ಬೆರಳು ಮಡಚಿ ಲೆಕ್ಕ ಹಾಕುವುದು ನನಗೆ ಕಂಡಿತು. ನಾನು ಅವರ ಜನ್ಮ ಜಾಲಾಡಲು ಸಿದ್ಧನಾಗಿ ಕೂತಿದ್ದೆ. ಹತ್ತೊಂಬತ್ತು ವರ್ಷದ ಬೈಗುಳ ನಾಲಗೆಯ ತುದಿಯಲ್ಲಿತ್ತು. ಇಷ್ಟು ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ ಎಂದು ಕೂಡ ಅನ್ನಿಸಿತು. ಅನ್ನಿಸಿದ್ದು ನಿಜ, ಮುಚ್ಚಿಡುವುದಿಲ್ಲ.

"ಆ ಏಳು ಬಾಗಿಲು ಅವನು ಯಾಕೆ ತೆಗೆದಿಟ್ಕೊಂಡಿದ್ದ?" ಎಂದರು ಭಾವ. "ಈಗಲಾದ್ರೂ ಹೇಳು."

ಅವರ ಮುಖ ನೋಡಿದೆ. ಬೈಗುಳ ಹೊರಡಲಿಲ್ಲ. ಹೇಳಿದೆ.

"ನಿಮ್ಮ ಕಾರ್ಖಾನೆಯಲ್ಲಿ ಗೇಟಿನ ಪಕ್ಕ ಗಾರ್ಡ್ ರೂಮ್ ಇದೆಯಲ್ಲ ಭಾವ. ಹೊರಗಿಂದ ಬಂದ ಪಾರ್ಸೆಲ್‌ನ ನೀವು ತೆಗೆದು ನೋಡ್ತೀರಿ. ನೋಡಿ ಆದಮೇಲೆ ಸ್ಟೋರಿನ ಗುಮಾಸ್ತನಿಗೆ ಹೇಗೆ ಕೊಡ್ತೀರಿ?"

"ಒಳಗಡೆಗೆ ಒಂದು ಕಿಂಡಿ ಇದೆ. ಅದರಲ್ಲಿ ಕೊಡ್ತೀವಿ."

"ಅದೇ ಇದು. ಮೇಲ್ ಪ್ರೋಗ್ರಾಮ್ ಅನ್ನೋದು ಆ ಗುಮಾಸ್ತ. ಅವನು ಹೊರಗೆ ಹೋಗಲ್ಲ. ಈ ಕಾವಲುಗಾರನೇ ಹೊರಗೆ ಹೋಗಿ ಮೇಲ್ ತರ್ತಾನೆ, ವಿಷ ಇದೆಯಾ ಅಂತ ನೋಡ್ತಾನೆ, ಆಮೇಲೆ ಒಳಗಡೆ ಕಿಂಡಿಯಲ್ಲಿ ಕೊಡ್ತಾನೆ. ವೆಬ್‌ಸೈಟಿಗೂ ಹಾಗೇ ಒಂದು ಕಿಂಡಿ, ಹೊಸ ವೈರಸ್ಸಿನ ಪಟ್ಟಿ ಬಂತಾ ಅಂತ ಅವನ ಬೇರೆ ಬೇರೆ ಭಾಗಗಳು ತಮ್ಮತಮ್ಮಲ್ಲೇ ಮಾತಾಡ್ಕೊಳೋಕೆ ಉಳಿದವು. ತೆಗೆದಿರುತ್ತೆ, ನಿಜ. ತೆಗೆದಿಲ್ಲ ಅಂದ್ರೆ ಅವನು ಕೆಲಸ ಮಾಡೋಕಾಗಲ್ಲ. ಆದ್ರೆ ಏಳೂ ಈ ಯಂತ್ರದ ಒಳಗಡೆಗೇ ತೆರೆಯೋದು. ಬೀದಿ ಕಡೆಗೆ ಒಂದೂ ಇಲ್ಲ."

"ಕಿಂಡಿ ಒಳಮುಖ."

"ಹೌದು."

"ಹೊರಗಿನೋನಿಗೆ ಕಾಣೋದೂ ಇಲ್ಲ."

"ಕಾಣಲ್ಲ."

"ಹಾಗಾದ್ರೆ ಪರದೆ ಮೇಲೆ ಬರೋ ಪಟ್ಟಿಯಲ್ಲಿ ಏಳರ ಮುಂದೂ ನೂರಾ ಇಪ್ಪತ್ತೇಳು ಅಂತ ಶುರುವಾಗೋ ಒಂದೇ ನಂಬರ್ ಇತ್ತಲ್ಲ, ಅದೇ ಒಳಮುಖ ಅನ್ನೋ ಗುರುತಾ?"

ಅದೇ ಗುರುತು. ನನ್ನ ಅಂಗಡಿಗೆ ಕೆಲಸ ಕಲಿಯಲು ಬಂದವರು ಮೂರು ತಿಂಗಳಾದರೂ ಕೇಳದ ಪ್ರಶ್ನೆ ಅದು. "ಅದೇ ಭಾವ" ಎಂದೆ.

"ಇಷ್ಟೇನಾ?"

"ಇಷ್ಟೇ."

ಗಡಿಯಾರ ನೋಡಿದ್ದರೆ ಎರಡು ನಿಮಿಷವೂ ಆಗಿರಲಿಲ್ಲ. ಅವರನ್ನು ಅಣಕಿಸುವ ಕಥೆಯನ್ನು ಅಂಗಡಿಯಲ್ಲಿ ಒಂದು ಸಲ ಹೇಳಿ ಮುಗಿಸಲು ನನಗೆ ಇದರ ಮೂರು ಪಟ್ಟು ಹೊತ್ತು ಹಿಡಿಯುತ್ತಿತ್ತು.

"ಬರ್ತಾರೆ ಅಂದ್ಯಲ್ಲ ನೀನು" ಎಂದರು ಭಾವ. ದನಿ ಏರಿಸಲಿಲ್ಲ. "ಹೊರಗಿಂದ ಯಾರಾದ್ರೂ ಬರಬಹುದಾ ಅಂತ ಅದೊಂದೇ ಕೇಳಿದ್ದು ನಾನು. ಬರ್ತಾರೆ, ಸಾಲಾಗಿ ಬರ್ತಾರೆ ಅಂದೆ ನೀನು."

"ತಮಾಷೆಗೆ ಅಂದೆ ಭಾವ."

"ನಾನು ತಮಾಷೆಗೆ ಕೇಳಿರಲಿಲ್ಲ."

ನನಗೆ ಏನಾದರೊಂದು ಹೇಳಿ ತಪ್ಪಿಸಿಕೊಳ್ಳಬೇಕಿತ್ತು. ಅಕ್ಕನ ಕಡೆ ತಿರುಗಿದೆ. "ಏನೇ ಆಗಲಿ ಅಕ್ಕ, ಗೊತ್ತಿಲ್ಲದಿದ್ದ ಮೇಲೆ ಕೇಳದೆ ಮುಟ್ಟಬಾರದಿತ್ತು ಇವರು."

"ಕೇಳಿದ್ರು" ಎಂದಳು ಅಕ್ಕ. "ಎರಡು ಸಲ ಕೇಳಿದ್ರು. ಆ ಪಟ್ಟಿ ಬರೆಯುವಾಗ ನಾನು ಪಕ್ಕದಲ್ಲೇ ಇದ್ದೆ. ತಪ್ಪು ಬರೆದ್ರೆ ನೀನು ನಗ್ತೀಯ ಅಂತ ಎರಡು ಸಲ ಹರಿದು ಹಾಕಿ ಬರೆದ್ರು. ಅವರಿಗೆ ಗೊತ್ತಿರಲಿಲ್ಲ ಕಣೋ. ನಿನಗೆ ಗೊತ್ತಿತ್ತು."

ಕುರ್ಚಿ ಬಿಟ್ಟು ಎದ್ದೆ. ಅಕ್ಕ ಬಂದು ಅದರಲ್ಲಿ ಕೂತು ಮೊದಲನೆಯ ಇಮೇಲನ್ನೇ ಮತ್ತೆ ತೆರೆದಳು. ಉತ್ತರ ಎನ್ನುವುದನ್ನು ಒತ್ತಿದಳು. ಅದು ಮುಗಿದುಹೋದ ವಿಷಯ, ಅವರು ಓದುವುದೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಭಾವ ನನ್ನ ಮೊಣಕೈ ಹಿಡಿದು ಸುಮ್ಮನಾಗಿಸಿದರು. ಅಕ್ಕ ಎರಡೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ, ನಿಧಾನವಾಗಿ ಒತ್ತುತ್ತಾ ಹೋದಳು: ಫೋಟೋ ನೋಡಿದೆವು. ಕಿವಿಯ ವಿಷಯ ಓದಿದೆವು. ನಮ್ಮಿಬ್ಬರಿಗೂ ಪೂರ್ತಿ ಒಪ್ಪಿಗೆ ಇದೆ.

"ಇದು ಆಚೆ ಹೋಗೋಕೂ ಆ ಕಿಂಡಿ ತೆಗೆದಿರಬೇಕಾ?" ಎಂದು ಭಾವ ನನ್ನನ್ನು ಮೆಲ್ಲಗೆ ಕೇಳಿದರು.

"ಹೋಗೋದಕ್ಕೆ ಬೇರೆ ಕಿಂಡಿ ಭಾವ. ಪಟ್ಟಿಯಲ್ಲಿ ಐದನೇದು. ತೆಗೆದಿದೀನಿ."

ಅಕ್ಕ ಕಳಿಸುವ ಗುಂಡಿ ಒತ್ತಿದಳು. ಎಂಟು ದಿನ ತಡವಾದ ಒಪ್ಪಿಗೆ ಯಾವ ತಕರಾರೂ ಇಲ್ಲದೆ ಹೊರಟುಹೋಯಿತು.